ನೆರವು ತಲುಪಿತೆ? ತಲುಪಿ ಏನಾಯಿತು?

ಶ್ರೀಮಂತ ದೇಶಗಳು ಬಡ ದೇಶಗಳಿಗೆ ಪ್ರತಿವರ್ಷ ಹಣ ಕೊಡುತ್ತವೆ. ಅದರಲ್ಲಿ ಒಂದು ಪಾಲು ಅನುದಾನ, ಇನ್ನೊಂದು ಪಾಲು ಕಡಿಮೆ ಬಡ್ಡಿಯ ಸಾಲ. 2024ರಲ್ಲಿ ಹೀಗೆ ಕೊಟ್ಟ ಅಧಿಕೃತ ನೆರವಿನ ಮೊತ್ತ ಸುಮಾರು 21,200 ಕೋಟಿ ಡಾಲರ್. ಪ್ರತಿ ಶ್ರೀಮಂತ ದೇಶವೂ ತನ್ನ ರಾಷ್ಟ್ರೀಯ ಆದಾಯದಲ್ಲಿ ಶೇಕಡ 0.7ರಷ್ಟನ್ನು ಇದಕ್ಕೆ ತೆಗೆದಿಡಬೇಕೆಂದು ವಿಶ್ವಸಂಸ್ಥೆ 1970ರಲ್ಲೇ ಹೇಳಿತ್ತು. 2024ರಲ್ಲಿ ಆ ಮಾತು ಉಳಿಸಿಕೊಂಡವು ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್ ಈ ನಾಲ್ಕೇ ದೇಶಗಳು. ನೆರವಿನ ಮಾತು ಬಂದಾಗಲೆಲ್ಲ ಚರ್ಚೆ ಈ ಮೊತ್ತದ ಸುತ್ತಲೇ ಸುತ್ತುತ್ತದೆ: ಯಾರು ಎಷ್ಟು ಕೊಟ್ಟರು, ಯಾರು ಕೈ ಬಿಗಿ ಹಿಡಿದರು. ಇವತ್ತು ನಾನು ನಿಮ್ಮ ಮುಂದಿಡುವುದು ಅದರ ಮುಂದಿನ ಪ್ರಶ್ನೆ. ಕೊಟ್ಟ ಹಣದಿಂದ ಪಡೆದವರ ಬದುಕಿನಲ್ಲಿ ಏನು ಬದಲಾಯಿತು? ಬದಲಾದದ್ದು ಆ ಹಣದಿಂದಲೇ ಎಂದು ತಿಳಿಯುವುದು ಹೇಗೆ?

ಆಫ್ರಿಕದ ದಕ್ಷಿಣ ಭಾಗದಲ್ಲಿ ನಡೆದ ಒಂದು ಯೋಜನೆಯಿಂದ ಆರಂಭಿಸುತ್ತೇನೆ. ಅದರ ಹೆಸರು ಪ್ಲೇಪಂಪ್. ಶಾಲೆಯ ಅಂಗಳದಲ್ಲಿ ಮಕ್ಕಳು ಕೂತು ತಿರುಗುವ ಒಂದು ಆಟದ ಚಕ್ರ. ಮಕ್ಕಳು ಚಕ್ರ ತಿರುಗಿಸಿದಂತೆ ಕೆಳಗಿನ ಪಂಪು ಕೊಳವೆಬಾವಿಯ ನೀರನ್ನು ಮೇಲಿನ ತೊಟ್ಟಿಗೆ ಏರಿಸುತ್ತದೆ. ಕೇಳಲು ಎಷ್ಟು ಚೆಂದ! 2006ರಲ್ಲಿ ಅಮೆರಿಕದಲ್ಲಿ ಇದಕ್ಕಾಗಿ 1.64 ಕೋಟಿ ಡಾಲರ್ ನೆರವು ಘೋಷಣೆಯಾಯಿತು. 2010ರೊಳಗೆ ಹತ್ತು ದೇಶಗಳಲ್ಲಿ 4,000 ಪಂಪುಗಳನ್ನು ಕೂರಿಸುವ ಗುರಿ ಇತ್ತು. ಎಷ್ಟು ಪಂಪು ಕೂರಿಸಿದೆವು ಎಂಬ ಲೆಕ್ಕ ಏರುತ್ತಲೇ ಹೋಯಿತು. ಆದರೆ ಹಳ್ಳಿಗಳಲ್ಲಿ ಆದದ್ದು ಬೇರೆ. ಮಕ್ಕಳು ಆಡದ ಹೊತ್ತಿನಲ್ಲಿ ಹೆಂಗಸರೇ ಆ ಭಾರದ ಚಕ್ರವನ್ನು ಕೈಯಿಂದ ತಿರುಗಿಸಬೇಕಾಯಿತು. ಕೆಲವು ಕಡೆ ಮೊದಲಿದ್ದ ಕೈಪಂಪನ್ನು ಕಿತ್ತು ಇದನ್ನು ಹಾಕಿದ್ದರು. ಕೆಟ್ಟರೆ ರಿಪೇರಿ ಮಾಡುವವರು ದೂರದಿಂದ ಬರಬೇಕಿತ್ತು. ಹೇಳಿಕೊಂಡಷ್ಟು ಜನರಿಗೆ ನೀರು ಕೊಡಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಎಂದು ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 2009ರಲ್ಲಿ ಲೆಕ್ಕ ಹಾಕಿ ತೋರಿಸಿತು. ಕೂರಿಸಿದ ಪಂಪುಗಳನ್ನು ಎಣಿಸಿದ್ದರು. ಒಂದು ಮನೆಗೆ ಎಷ್ಟು ಕೊಡ ನೀರು ಸಿಕ್ಕಿತು, ಅದಕ್ಕಾಗಿ ಒಬ್ಬ ಹೆಂಗಸು ಎಷ್ಟು ಹೊತ್ತು ನಿಲ್ಲಬೇಕಾಯಿತು ಎಂಬುದನ್ನು ಮೊದಲೇ ಎಣಿಸಿದ್ದರೆ ಇಷ್ಟು ಹಣವೂ ವರ್ಷಗಳೂ ಹಾಳಾಗುತ್ತಿರಲಿಲ್ಲ.

ಆದ್ದರಿಂದ ಮೊದಲ ಪಾಠ ಇದು. ಖರ್ಚಾದ ಹಣ, ಹಂಚಿದ ಸಾಮಾನು, ಕಟ್ಟಿದ ಕಟ್ಟಡ, ತರಬೇತಿ ಪಡೆದವರ ಪಟ್ಟಿ ಇವೆಲ್ಲ ಕೆಲಸ ನಡೆದದ್ದಕ್ಕೆ ಸಾಕ್ಷಿ. ಕೆಲಸ ಫಲ ಕೊಟ್ಟಿತೆನ್ನುವುದಕ್ಕೆ ಬೇರೆ ಸಾಕ್ಷಿ ಬೇಕು.

ಆ ಸಾಕ್ಷಿಯನ್ನು ಹುಡುಕುವುದರಲ್ಲಿ ಒಂದು ದೊಡ್ಡ ತೊಡಕಿದೆ. ನೆರವು ಬಂದ ಊರಿನಲ್ಲಿ ಐದು ವರ್ಷದ ಹಿಂದೆ ಹೇಗಿತ್ತು, ಈಗ ಹೇಗಿದೆ ಎಂದು ನೋಡಿದರೆ ಸಾಲದೆ ಎನ್ನಿಸಬಹುದು. ಸಾಲದು. ಹೊಸ ಗೊಬ್ಬರ ಹಾಕಿದ ವರ್ಷ ಮುಂಗಾರು ಚೆನ್ನಾಗಿ ಹಿಡಿದರೆ, ಹುಲುಸಾದ ಬೆಳೆ ಗೊಬ್ಬರದ್ದೋ ಮಳೆಯದ್ದೋ ಎಂದು ರೈತ ಹೇಳಲಾರ. ತಿಳಿಯಬೇಕೆನ್ನುವ ರೈತ ಅದೇ ಹೊಲದಲ್ಲಿ ಒಂದು ಪಟ್ಟೆಯನ್ನು ಗೊಬ್ಬರ ಹಾಕದೆ ಬಿಡುತ್ತಾನೆ. ಎರಡಕ್ಕೂ ಮಳೆ ಒಂದೇ, ಮಣ್ಣು ಒಂದೇ. ಉಳಿದ ವ್ಯತ್ಯಾಸ ಗೊಬ್ಬರದ್ದು. ನೆರವನ್ನು ಅಳೆಯುವ ಇಂದಿನ ವಿಧಾನ ಬೆಳೆದು ಬಂದದ್ದು ಕೃಷಿ ಸಂಶೋಧನೆಯ ಇಂಥ ಪ್ರಯೋಗಗಳಿಂದಲೇ.

ಪಶ್ಚಿಮ ಕೀನ್ಯಾದಲ್ಲಿ, ಉಗಾಂಡದ ಗಡಿಗೆ ಹತ್ತಿರ, ಬೂಸಿಯಾ ಎಂಬ ಪ್ರದೇಶವಿದೆ. 1990ರ ದಶಕದ ನಡುವಿನಲ್ಲಿ ನೆದರ್ಲೆಂಡ್ಸ್ ಮೂಲದ ಒಂದು ಸ್ವಯಂಸೇವಾ ಸಂಸ್ಥೆ ಅಲ್ಲಿನ ಪ್ರಾಥಮಿಕ ಶಾಲೆಗಳಿಗೆ ನೆರವು ಕೊಡಲು ಮುಂದಾಯಿತು. ಎಲ್ಲ ಶಾಲೆಗಳಿಗೂ ಒಟ್ಟಿಗೆ ಕೊಡುವಷ್ಟು ಹಣವಿರಲಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೇಮರ್ ಮತ್ತು ಅವರ ಜತೆಗಾರರು ಒಂದು ಸಲಹೆ ಕೊಟ್ಟರು. ಹೇಗೂ ಸರದಿಯಲ್ಲೇ ಕೊಡುವುದಾದರೆ, ಮೊದಲ ಸರದಿಯ ಶಾಲೆಗಳನ್ನು ಯಾರ ಇಷ್ಟಾನಿಷ್ಟಕ್ಕೂ ಬಿಡದೆ ಆಯ್ದುಕೊಳ್ಳೋಣ. ಸರದಿ ಬಾರದ ಶಾಲೆಗಳ ಜತೆ ಹೋಲಿಸಿ ನೋಡೋಣ.

ಮೊದಲು ಕೊಟ್ಟದ್ದು ಪಠ್ಯಪುಸ್ತಕ. ನಾಲ್ಕೈದು ಮಕ್ಕಳು ಒಂದೇ ಪುಸ್ತಕಕ್ಕೆ ಬಗ್ಗಿ ಓದುವ ಶಾಲೆಗೆ ಪುಸ್ತಕ ಕೊಟ್ಟರೆ ಮಕ್ಕಳು ಚೆನ್ನಾಗಿ ಕಲಿಯುತ್ತಾರೆಂಬುದರಲ್ಲಿ ಯಾರಿಗೆ ತಾನೆ ಅನುಮಾನ? 100 ಶಾಲೆಗಳಲ್ಲಿ 25ಕ್ಕೆ ಪುಸ್ತಕಗಳನ್ನು ಕೊಟ್ಟರು. ಪರೀಕ್ಷೆ ಮಾಡಿ ನೋಡಿದರೆ, ಪುಸ್ತಕ ಸಿಕ್ಕ ಶಾಲೆಗೂ ಸಿಗದ ಶಾಲೆಗೂ ಸರಾಸರಿ ಅಂಕದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಮೊದಲಿನಿಂದಲೂ ತರಗತಿಯಲ್ಲಿ ಮುಂದಿದ್ದ ಮಕ್ಕಳಿಗೆ ಮಾತ್ರ ಅನುಕೂಲವಾಗಿತ್ತು. ಕಾರಣ ಹುಡುಕಿದಾಗ ಗೊತ್ತಾಯಿತು: ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು. ಮನೆಯ ಮಾತು ಒಂದು, ಸ್ವಾಹಿಲಿ ಎರಡನೆಯದು. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಮೂರನೆಯ ಭಾಷೆ. ಪುಸ್ತಕ ಕೈಗೆ ಬಂತು, ಓದಲು ಬರಲಿಲ್ಲ. ಕನ್ನಡ ನಾಡಿನ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಪಾಠದ ಚಿತ್ರಪಟಗಳ ಸರದಿ. ಅದಕ್ಕೆ 178 ಶಾಲೆಗಳನ್ನು ತೆಗೆದುಕೊಂಡು ಅರ್ಧಕ್ಕೆ ಕೊಟ್ಟರು. ಬೇರೆ ಕಡೆ ಈಗಾಗಲೇ ಚಿತ್ರಪಟ ಇದ್ದ ಶಾಲೆಗಳನ್ನು ಇಲ್ಲದ ಶಾಲೆಗಳ ಜತೆ ಹೋಲಿಸಿದರೆ ಇದ್ದ ಕಡೆ ಅಂಕ ಹೆಚ್ಚು ಕಾಣುತ್ತಿತ್ತು. ಸರಿಯಾದ ಪ್ರಯೋಗ ಮಾಡಿದಾಗ ಆ ಲಾಭ ಎಲ್ಲೂ ಕಾಣಲಿಲ್ಲ. ಚಿತ್ರಪಟ ತಂದುಕೊಂಡ ಶಾಲೆಗಳು ಮೊದಲೇ ಚೆನ್ನಾಗಿ ನಡೆಯುತ್ತಿದ್ದ ಶಾಲೆಗಳಾಗಿದ್ದವು. ಕೀರ್ತಿ ಮಾತ್ರ ಚಿತ್ರಪಟಕ್ಕೆ ಹೋಗುತ್ತಿತ್ತು.

ಮೂರನೆಯದು ಜಂತುಹುಳು ಮಾತ್ರೆ. 1998ರಲ್ಲಿ ಅದೇ ಬೂಸಿಯಾದ 75 ಶಾಲೆಗಳ ಮೂವತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮೂರು ಗುಂಪು ಮಾಡಿ, ಗುಂಪು ಗುಂಪಾಗಿ ಮಾತ್ರೆ ಕೊಡುತ್ತ ಹೋದರು. ಎಡ್ವರ್ಡ್ ಮಿಗೆಲ್ ಮತ್ತು ಕ್ರೇಮರ್ ಅದರ ಫಲಿತಾಂಶವನ್ನು 2004ರಲ್ಲಿ ಪ್ರಕಟಿಸಿದರು. ಶಾಲೆಗೆ ಗೈರಾಗುವ ಮಕ್ಕಳ ಪ್ರಮಾಣ ನಾಲ್ಕನೇ ಒಂದು ಪಾಲು ಇಳಿದಿತ್ತು. ಒಂದು ಮಗುವಿಗೆ ವರ್ಷಕ್ಕೆ ಅರ್ಧ ಡಾಲರು ಕೂಡ ಖರ್ಚಾಗಿರಲಿಲ್ಲ. ಪರೀಕ್ಷೆಯ ಅಂಕಗಳು ಮಾತ್ರ ಏರಲಿಲ್ಲ, ಅದನ್ನೂ ಅವರು ಮುಚ್ಚಿಡದೆ ಬರೆದರು. ದುಬಾರಿ ಪುಸ್ತಕ ಮಾಡದ ಕೆಲಸವನ್ನು, ಕನಿಷ್ಠ ಮಕ್ಕಳನ್ನು ಶಾಲೆಯಲ್ಲಿ ಉಳಿಸುವ ಮಟ್ಟಿಗಾದರೂ, ಅಗ್ಗದ ಮಾತ್ರೆ ಮಾಡಿತ್ತು. ಅಳೆಯದೇ ಹೋಗಿದ್ದರೆ ಇದನ್ನು ಯಾರೂ ಊಹಿಸುತ್ತಿರಲಿಲ್ಲ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಲೇಖಕರು ತಮ್ಮ ಅಂಕಿಅಂಶಗಳನ್ನು ಬೇರೆಯವರ ಪರಿಶೀಲನೆಗೆ ತೆರೆದಿಟ್ಟರು. ಲಂಡನ್ನಿನ ಸಂಶೋಧಕರು ಅದನ್ನು ಮರುಲೆಕ್ಕ ಹಾಕಿ, ಮೊದಲ ಲೆಕ್ಕದಲ್ಲಿ ಕೆಲವು ತಪ್ಪುಗಳಿವೆ ಎಂದು 2015ರಲ್ಲಿ ಪ್ರಕಟಿಸಿದರು. ಮಾತ್ರೆ ಕೊಡದ, ದೂರದ ಶಾಲೆಗಳ ಮಕ್ಕಳಿಗೂ ಲಾಭವಾಯಿತೆಂದು ಮೊದಲ ವರದಿ ಹೇಳಿದ್ದ ಭಾಗ ಬಿದ್ದುಹೋಯಿತು. ಎಲ್ಲ ಮಕ್ಕಳಿಗೂ ಒಟ್ಟಾಗಿ ಮಾತ್ರೆ ಕೊಡುವುದರಿಂದ ಆಗುವ ಲಾಭ ಎಷ್ಟೆಂಬ ವಾದ ವೈದ್ಯರಿಗೂ ಅರ್ಥಶಾಸ್ತ್ರಜ್ಞರಿಗೂ ನಡುವೆ ಜೋರಾಗಿಯೇ ನಡೆಯಿತು. ಅದೇ ಮಕ್ಕಳನ್ನು ಇಪ್ಪತ್ತು ವರ್ಷ ಬಿಡದೆ ಹಿಂಬಾಲಿಸಿದ ತಂಡ 2021ರಲ್ಲಿ ಇನ್ನೊಂದು ವರದಿ ಕೊಟ್ಟಿತು. ಹೆಚ್ಚು ವರ್ಷ ಮಾತ್ರೆ ಪಡೆದವರು ದೊಡ್ಡವರಾದ ಮೇಲೆ ಗಂಟೆಗೆ ಶೇಕಡ 13ರಷ್ಟು ಹೆಚ್ಚು ಗಳಿಸುತ್ತಿದ್ದರು. ಈ ಅಳತೆಯ ಮೇಲೆ ನನಗೆ ಗೌರವ ಬಂದದ್ದು ಇದೇ ಕಾರಣಕ್ಕೆ. ಒಮ್ಮೆ ಹೇಳಿದ ಮಾತನ್ನು ಯಾರು ಬೇಕಾದರೂ ಪ್ರಶ್ನಿಸಬಹುದು, ತಪ್ಪಿದ್ದರೆ ತಿದ್ದಬಹುದು. 2015ರಲ್ಲಿ ನಮ್ಮ ದೇಶವೂ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವನ್ನು ಆರಂಭಿಸಿತು. ಕರ್ನಾಟಕದ ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳು ಚೀಪಿ ನುಂಗುವ ಆಲ್ಬೆಂಡಜೋಲ್ ಮಾತ್ರೆಯೂ ಬೂಸಿಯಾದ ಶಾಲೆಗಳಲ್ಲಿ ಕೊಟ್ಟ ಮಾತ್ರೆಯೂ ಒಂದೇ. ಇಂಥ ಕೆಲಸಕ್ಕಾಗಿಯೇ ಕ್ರೇಮರ್, ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೂವರಿಗೂ 2019ರಲ್ಲಿ ನೊಬೆಲ್ ಪುರಸ್ಕಾರ ಸಂದಿತು.

ಅದೇ ಪಶ್ಚಿಮ ಕೀನ್ಯಾದಲ್ಲಿ ಸೊಳ್ಳೆಪರದೆಯ ವಿಷಯವೂ ಹೀಗೆ ತೀರ್ಮಾನವಾಯಿತು. ಪುಕ್ಕಟೆ ಕೊಟ್ಟರೆ ಜನ ಅದರ ಬೆಲೆ ಅರಿಯುವುದಿಲ್ಲ, ಸ್ವಲ್ಪವಾದರೂ ಹಣ ತೆಗೆದುಕೊಳ್ಳಬೇಕು ಎಂದು ನೆರವಿನ ಸಂಸ್ಥೆಗಳಲ್ಲಿ ಬಹಳ ಮಂದಿ ನಂಬಿದ್ದರು. ಕೇಳಲು ತರ್ಕಬದ್ಧವಾಗಿಯೇ ಇದೆ. ಜೆಸ್ಸಿಕಾ ಕೋಹೆನ್ ಮತ್ತು ಪಾಸ್ಕಲೀನ್ ದ್ಯುಪಾ ಎಂಬ ಇಬ್ಬರು ಸಂಶೋಧಕಿಯರು ಬಸುರಿಯರು ತಪಾಸಣೆಗೆ ಬರುವ 20 ಆಸ್ಪತ್ರೆಗಳಲ್ಲಿ ಬೇರೆ ಬೇರೆ ದರ ಇಟ್ಟು ನೋಡಿದರು. ಕೆಲವು ಕಡೆ ಪುಕ್ಕಟೆ, ಕೆಲವು ಕಡೆ ಅರ್ಧ ಡಾಲರಿನ ಆಸುಪಾಸಿನ ಬೆಲೆ. ಆ ಅಲ್ಪ ಬೆಲೆಗೇ ಪರದೆ ಒಯ್ಯುವವರ ಸಂಖ್ಯೆ ನೂರಕ್ಕೆ ಅರುವತ್ತರಷ್ಟು ಕುಸಿಯಿತು. ಪುಕ್ಕಟೆ ಒಯ್ದವರು ಮನೆಯಲ್ಲಿ ಅದನ್ನು ಕಟ್ಟಿ ಮಲಗುವುದರಲ್ಲಿ ದುಡ್ಡು ಕೊಟ್ಟವರಿಗಿಂತ ಹಿಂದೆ ಬೀಳಲಿಲ್ಲ. 2010ರಲ್ಲಿ ಇದು ಪ್ರಕಟವಾದ ಮೇಲೆ ಪುಕ್ಕಟೆ ಹಂಚಿಕೆಯ ಪರ ವಾದಕ್ಕೆ ಬಲ ಬಂತು. 2000ದಿಂದ 2015ರವರೆಗೆ ಸಹಾರಾದ ದಕ್ಷಿಣಕ್ಕಿರುವ ಆಫ್ರಿಕದಲ್ಲಿ ಮಲೇರಿಯಾ ತಡೆಯ ಕೆಲಸಗಳಿಂದ ಸುಮಾರು 66 ಕೋಟಿ ಪ್ರಕರಣಗಳು ತಪ್ಪಿದವೆಂದೂ, ಅದರಲ್ಲಿ ಮೂರನೇ ಎರಡು ಪಾಲಿನಷ್ಟು ಔಷಧ ಲೇಪಿಸಿದ ಪರದೆಗಳಿಂದಲೇ ಆಯಿತೆಂದೂ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿತು. ಬಡವರ ಮೇಲಿನ ಅಪನಂಬಿಕೆಯೊಂದನ್ನು ತೊಡೆದುಹಾಕಲು ಒಂದು ಸರಳ ಅಳತೆ ನೆರವಾಯಿತು.

ಹೋಲಿಕೆಯಿಲ್ಲದೆ ಅಳೆಯುವುದರ ಅಪಾಯ ಎಂಥದೆಂದು ತಿಳಿಯಲೂ ಕೀನ್ಯಾಕ್ಕೇ ಹೋಗಬೇಕು. ಅರ್ಥಶಾಸ್ತ್ರಜ್ಞ ಜೆಫ್ರಿ ಸ್ಯಾಕ್ಸ್ ಅವರ ಮುಂದಾಳುತನದಲ್ಲಿ ಮಿಲೆನಿಯಮ್ ಗ್ರಾಮಗಳ ಯೋಜನೆ ಸೌರಿ ಎಂಬ ಊರಿನಲ್ಲಿ ಆರಂಭವಾಗಿ ಆಫ್ರಿಕದ ಹತ್ತು ದೇಶಗಳಿಗೆ ಹಬ್ಬಿತು. ಬೀಜ, ಗೊಬ್ಬರ, ಆಸ್ಪತ್ರೆ, ಶಾಲೆ, ಸೊಳ್ಳೆಪರದೆ ಎಲ್ಲವನ್ನೂ ಒಂದೇ ಊರಿಗೆ ಒಟ್ಟಿಗೆ ಕೊಟ್ಟು ಬಡತನದ ಬೇರನ್ನೇ ಕೀಳುವ ಸಂಕಲ್ಪ ಅದು. ಮೂರೇ ವರ್ಷಗಳಲ್ಲಿ ಆದ ಬದಲಾವಣೆಗಳ ಪಟ್ಟಿ ಹೊರಬಂತು. ಮೊಬೈಲ್ ಫೋನ್ ಇರುವ ಮನೆಗಳು ಹೆಚ್ಚಿದ್ದೂ ಆ ಪಟ್ಟಿಯಲ್ಲಿತ್ತು. ಮೈಕೆಲ್ ಕ್ಲೆಮೆನ್ಸ್ ಮತ್ತು ಗೇಬ್ರಿಯಲ್ ಡೆಮೊಂಬಿನ್ ಕೀನ್ಯಾದ ಉಳಿದ ಹಳ್ಳಿಗಳ ಅಂಕಿಅಂಶ ತೆಗೆದು ನೋಡಿದರು. ಅದೇ ವರ್ಷಗಳಲ್ಲಿ ಯೋಜನೆಯಿಲ್ಲದ ಹಳ್ಳಿಗಳಲ್ಲೂ ಮೊಬೈಲ್ ಹೆಚ್ಚುಕಡಿಮೆ ಅದೇ ವೇಗದಲ್ಲಿ ಹರಡಿತ್ತು. ಮಕ್ಕಳ ಸಾವು ದೇಶದ ಇತರೆಡೆಗಿಂತ ಬಹುಬೇಗ ಇಳಿಯಿತೆಂದು 2012ರಲ್ಲಿ ಯೋಜನೆಯ ತಂಡ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದುಕೊಂಡಿತು. ಹೋಲಿಸಿದ ಅವಧಿಯಲ್ಲೇ ತಪ್ಪಿದೆ ಎಂದು ವಿಮರ್ಶಕರು ತೋರಿಸಿದಾಗ ಆ ಮಾತನ್ನು ಹಿಂತೆಗೆದುಕೊಂಡಿತು. ಯೋಜನೆ ಮುಗಿದ ಮೇಲೆ ಹೋಲಿಕೆಯ ಹಳ್ಳಿಗಳನ್ನಿಟ್ಟು ಮಾಡಿದ ಮೌಲ್ಯಮಾಪನ 2018ರಲ್ಲಿ ಬಂತು. ಕೃಷಿ, ಆರೋಗ್ಯಗಳಲ್ಲಿ ನಿಜವಾದ ಲಾಭವಾಗಿತ್ತು. ಆದರೆ ಮನೆಯ ಖರ್ಚುವೆಚ್ಚದ ಲೆಕ್ಕದಲ್ಲಿ ನೋಡಿದರೆ ಬಡತನ ಅಷ್ಟಾಗಿ ಕದಲಿರಲಿಲ್ಲ. ಮೊದಲ ದಿನದಿಂದಲೇ ಹೀಗೆ ಹೋಲಿಸಿದ್ದರೆ, ಯಾವುದು ಕೆಲಸ ಮಾಡುತ್ತಿದೆ ಎಂಬುದು ಹತ್ತು ವರ್ಷ ಕಾಯದೆ ತಿಳಿಯುತ್ತಿತ್ತು.

ಇನ್ನು ಹಣ ದಾರಿಯಲ್ಲಿ ಎಲ್ಲಿ ಇಂಗುತ್ತದೆ ಎಂಬ ಪ್ರಶ್ನೆ. ಉಗಾಂಡ 1990ರ ದಶಕದಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಹೆಚ್ಚು ಹಣ ಒದಗಿಸಿತು. ಕಾಗದದಲ್ಲಿ ಹಣ ಇತ್ತು, ಶಾಲೆಗಳು ಇದ್ದ ಹಾಗೇ ಇದ್ದವು. ರಿತ್ವಾ ರೀನಿಕ್ಕಾ ಮತ್ತು ಯಾಕೊಬ್ ಸ್ವೆನ್ಸನ್ 250 ಶಾಲೆಗಳ ಲೆಕ್ಕಪುಸ್ತಕ ತೆಗೆಸಿ ನೋಡಿದರು. 1991ರಿಂದ 1995ರವರೆಗೆ ಸರ್ಕಾರ ಶಾಲೆಗಳಿಗೆಂದು ಬಿಡುಗಡೆ ಮಾಡಿದ ಅನುದಾನದಲ್ಲಿ ಶಾಲೆಯ ಬಾಗಿಲು ಮುಟ್ಟಿದ್ದು ಸರಾಸರಿ ಶೇಕಡ 13 ಮಾತ್ರ. ಆಮೇಲೆ ಸರ್ಕಾರ ಯಾವ ಜಿಲ್ಲೆಗೆ ಎಷ್ಟು ಹಣ ಹೋಯಿತೆಂದು ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿತು. ಶಾಲೆಗಳ ಗೋಡೆಗೂ ಆ ಲೆಕ್ಕವನ್ನು ಅಂಟಿಸಿದರು. ಇನ್ನೂ ಕೆಲವು ಸುಧಾರಣೆಗಳಾದವು. 2001ರ ಹೊತ್ತಿಗೆ ಶಾಲೆ ಮುಟ್ಟುವ ಪಾಲು ಶೇಕಡ 80ರ ಆಸುಪಾಸಿಗೆ ಏರಿತ್ತು. ಲೆಕ್ಕ ಊರಿನವರ ಕಣ್ಣಿಗೆ ಬಿದ್ದರೆ ಎಷ್ಟು ವ್ಯತ್ಯಾಸವಾಗುತ್ತದೆ ನೋಡಿ.

ಹಾಗಾದರೆ ಒಟ್ಟಾರೆ ನೆರವು ದೇಶಗಳನ್ನು ಬೆಳೆಸಿತೆ? ಇದಕ್ಕೆ ಒಂದೇ ಸಾಲಿನ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ಒಳ್ಳೆಯ ಆರ್ಥಿಕ ನೀತಿಯಿರುವ ದೇಶಗಳಲ್ಲಿ ನೆರವು ಬೆಳವಣಿಗೆ ತರುತ್ತದೆಂದು ಕ್ರೇಗ್ ಬರ್ನ್‌ಸೈಡ್ ಮತ್ತು ಡೇವಿಡ್ ಡಾಲರ್ 2000ದಲ್ಲಿ ಬರೆದರು. ಇನ್ನಷ್ಟು ದೇಶ, ಇನ್ನಷ್ಟು ವರ್ಷಗಳ ಅಂಕಿಅಂಶ ಸೇರಿಸಿದಾಗ ಆ ತೀರ್ಮಾನ ನಿಲ್ಲಲಿಲ್ಲ. ಮುಂದೆ ನಮ್ಮ ರಿಸರ್ವ್ ಬ್ಯಾಂಕಿನ ಗವರ್ನರ್ ಆದ ರಘುರಾಮ್ ರಾಜನ್ ಮತ್ತು ಮುಖ್ಯ ಆರ್ಥಿಕ ಸಲಹೆಗಾರರಾದ ಅರವಿಂದ್ ಸುಬ್ರಮಣಿಯನ್ 2008ರಲ್ಲಿ, ನೆರವಿಗೂ ಬೆಳವಣಿಗೆಗೂ ಗಟ್ಟಿಯಾದ ಸಂಬಂಧ ಕಾಣಲಿಲ್ಲವೆಂದರು. ಬರ, ಯುದ್ಧಗಳಿಂದ ನೊಂದ ದೇಶಕ್ಕೇ ಹೆಚ್ಚು ನೆರವು ಹೋಗುತ್ತದೆ. ಆದ್ದರಿಂದ ನೆರವು ಹೆಚ್ಚಿರುವ ಕಡೆ ಬೆಳವಣಿಗೆ ಕಡಿಮೆ ಕಂಡರೆ ಅದು ನೆರವಿನ ದೋಷವೋ ಸಂಕಟದ ಫಲವೋ ಬಿಡಿಸುವುದು ಕಷ್ಟ. ಒಂದು ಸೊಳ್ಳೆಪರದೆ ಒಂದು ಮಗುವನ್ನು ಉಳಿಸಿತೆ ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ. ನೆರವು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಸಿಗುವುದಿಲ್ಲ. ಕೇಳುವ ಪ್ರಶ್ನೆಯನ್ನು ಚಿಕ್ಕದಾಗಿ, ಖಚಿತವಾಗಿ ಕೇಳುವುದೇ ಅಳತೆಯ ಮೊದಲ ಶಿಸ್ತು.

ಕರ್ನಾಟಕಕ್ಕೂ ಇದರಲ್ಲಿ ಅನುಭವವಿದೆ. ವಿಶ್ವಬ್ಯಾಂಕಿನ ಸಾಲದಿಂದ 2001ರಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು. ಅದರ ಮೇಲ್ವಿಚಾರಣೆ, ಮೌಲ್ಯಮಾಪನದ ಹೊಣೆಯನ್ನು ಇಸ್ರೊದ ಆಂಟ್ರಿಕ್ಸ್ ಸಂಸ್ಥೆಗೆ ಒಪ್ಪಿಸಲಾಗಿತ್ತು. ಉಪಗ್ರಹದ ಚಿತ್ರಗಳ ಜತೆಗೆ ಹಳ್ಳಿಗಳ ಸಮೀಕ್ಷೆಯನ್ನೂ ಇಟ್ಟು ಬದಲಾವಣೆ ಗುರುತಿಸಿದರು. 2003ರಲ್ಲಿ ಗೇಟ್ಸ್ ಪ್ರತಿಷ್ಠಾನ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಆರಂಭಿಸಿದ ಆವಾಹನ್ ಎಂಬ ಎಚ್‌ಐವಿ ತಡೆ ಕಾರ್ಯಕ್ರಮವನ್ನೂ ಅಳೆಯಲಾಯಿತು. ಹೆಚ್ಚು ಕೆಲಸ ನಡೆದ ಜಿಲ್ಲೆಗಳನ್ನು ಕಡಿಮೆ ನಡೆದ ಜಿಲ್ಲೆಗಳ ಜತೆ ಹೋಲಿಸಿ, 2008ರವರೆಗೆ ಸುಮಾರು ಒಂದು ಲಕ್ಷ ಹೊಸ ಸೋಂಕುಗಳು ತಪ್ಪಿದವೆಂದು 2011ರಲ್ಲಿ ಅಂದಾಜು ಮಾಡಿದರು. ಅಂದಾಜು ಹೆಚ್ಚುಕಡಿಮೆ ಆಗಬಹುದೆಂಬುದನ್ನೂ ಜತೆಗೇ ಹೇಳಿದರು.

ಅಳತೆಗೂ ಮಿತಿಯಿದೆ ಎಂಬುದನ್ನು ಮರೆಯಬಾರದು. ಮಾತ್ರೆ, ಪರದೆಗಳನ್ನು ಪ್ರಯೋಗ ಮಾಡಿ ನೋಡಬಹುದು. ಒಂದು ಬಂದರು, ಒಂದು ವಿಶ್ವವಿದ್ಯಾಲಯ, ಒಂದು ನ್ಯಾಯಾಂಗ ವ್ಯವಸ್ಥೆ ಇವನ್ನು ಅರ್ಧ ದೇಶಕ್ಕೆ ಕೊಟ್ಟು ಅರ್ಧಕ್ಕೆ ಬಿಡಲಾಗದು. ಎಣಿಸಲು ಸುಲಭವಾದದ್ದಕ್ಕೆ ಮಾತ್ರ ಹಣ ಕೊಡುವ ಅಭ್ಯಾಸ ಬೆಳೆದರೆ, ಎಣಿಕೆಗೆ ಸಿಗದ ದೊಡ್ಡ ಕೆಲಸಗಳು ಬಡವಾಗುತ್ತವೆ. ಅಳೆಯುವವರು ಯಾರನ್ನು ಕೇಳುತ್ತಾರೆ ಎಂಬುದೂ ಮುಖ್ಯ. ಸಿಡಿಎ ಎಂಬ ಸಂಸ್ಥೆ ಇಪ್ಪತ್ತು ದೇಶಗಳಲ್ಲಿ ನೆರವು ಪಡೆದ ಸುಮಾರು ಆರು ಸಾವಿರ ಮಂದಿಯ ಮಾತು ಕೇಳಿ 2012ರಲ್ಲಿ ಪುಸ್ತಕ ಮಾಡಿತು. ಸಹಾಯ ಬೇಡವೆಂದು ಹೇಳಿದವರು ಕಡಿಮೆ. ಹೊರಗಿನವರು ಅವಸರದಲ್ಲಿ ಬಂದು, ತಮಗೆ ತೋಚಿದ್ದನ್ನು ಕೊಟ್ಟು ಹೋಗುತ್ತಾರೆ, ನಮ್ಮ ಜತೆ ಕೂತು ಮಾತಾಡುವುದಿಲ್ಲ ಎಂಬುದು ಅನೇಕರ ದೂರಾಗಿತ್ತು. ಪಡೆದವರ ಮಾತು ಸೇರದ ಅಳತೆ ಅರ್ಧ ಅಳತೆ.

ಈ ಮಾತನ್ನು ಈಗಲೇ ಆಡಬೇಕಾದ ಕಾರಣವಿದೆ. ಜಗತ್ತಿನ ಅತಿದೊಡ್ಡ ನೆರವು ಸಂಸ್ಥೆಗಳಲ್ಲಿ ಒಂದಾಗಿದ್ದ ಅಮೆರಿಕದ ಯುಎಸ್‌ಏಡ್ 2025ರ ಜುಲೈ 1ರಂದು ತನ್ನ ನೆರವಿನ ಕೆಲಸ ನಿಲ್ಲಿಸಿತು. ಅದರ ಹಣ ಎರಡು ದಶಕಗಳಲ್ಲಿ ಒಂಬತ್ತು ಕೋಟಿಗೂ ಹೆಚ್ಚು ಸಾವುಗಳನ್ನು ತಡೆದಿತ್ತೆಂದೂ, ಕಡಿತ ಹೀಗೇ ಮುಂದುವರಿದರೆ 2030ರೊಳಗೆ 1.4 ಕೋಟಿ ಹೆಚ್ಚುವರಿ ಸಾವುಗಳಾಗಬಹುದೆಂದೂ ಲ್ಯಾನ್ಸೆಟ್ ಪತ್ರಿಕೆಯ ಅಧ್ಯಯನವೊಂದು ಅಂದಾಜು ಮಾಡಿತು. ಇದು ಲೆಕ್ಕದ ಮಾದರಿಯಿಂದ ಬಂದ ಅಂದಾಜು, ಚರ್ಚೆಗೆ ತೆರೆದದ್ದು. ನಿಂತದ್ದು ಔಷಧ, ಆಹಾರ ಮಾತ್ರವೂ ಅಲ್ಲ. ಸುಮಾರು ತೊಂಬತ್ತು ದೇಶಗಳಲ್ಲಿ ಮಕ್ಕಳ ಸಾವು, ಬಾಣಂತಿಯರ ಆರೈಕೆ, ಅಪೌಷ್ಟಿಕತೆಗಳನ್ನು 1984ರಿಂದ ಮನೆಮನೆಗೆ ಹೋಗಿ ಎಣಿಸುತ್ತ ಬಂದಿದ್ದ ಆರೋಗ್ಯ ಸಮೀಕ್ಷಾ ಕಾರ್ಯಕ್ರಮಕ್ಕೂ ಅದೇ ಸಂಸ್ಥೆಯ ಹಣವಿತ್ತು. ಆ ಹಣವೂ ನಿಂತಿತು. ಕರ್ನಾಟಕದ ಯಾವ ಜಿಲ್ಲೆಯಲ್ಲಿ ಎಷ್ಟು ಮಕ್ಕಳು ಕುಂಠಿತ ಬೆಳವಣಿಗೆಯವರು ಎಂದು ನಾವು ತಿಳಿಯುವುದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಿಂದ. 1992ರಲ್ಲಿ ಅದು ಆರಂಭವಾದದ್ದೂ ಇದೇ ಸಂಸ್ಥೆಯ ನೆರವಿನಿಂದಲೇ. ಅಳೆಯುವ ಕೆಲಸವೇ ನಿಂತರೆ, ನಷ್ಟ ಎಷ್ಟಾಯಿತೆಂದು ಹೇಳುವವರೂ ಇರುವುದಿಲ್ಲ.

ನೆರವೆಲ್ಲ ವ್ಯರ್ಥ ಎನ್ನುವವರಿಗೂ ನೆರವೆಲ್ಲ ಪುಣ್ಯ ಎನ್ನುವವರಿಗೂ ಬೂಸಿಯಾದ ಶಾಲೆಗಳು ಒಂದೇ ಉತ್ತರ ಕೊಡುತ್ತವೆ. ಕೆಲವು ನೆರವು ಪ್ರಾಣ ಉಳಿಸಿದೆ, ಕೆಲವು ನೀರುಪಾಲಾಗಿದೆ. ಯಾವುದು ಯಾವುದೆಂದು ಅಳೆಯದೆ ತಿಳಿಯದು. ಅಳೆಯದೆ ಎಲ್ಲವನ್ನೂ ಮುಂದುವರಿಸುವುದು ತಪ್ಪು, ಅಳೆಯದೆ ಎಲ್ಲವನ್ನೂ ನಿಲ್ಲಿಸುವುದು ಅದಕ್ಕಿಂತ ದೊಡ್ಡ ತಪ್ಪು. ಏಕೆಂದರೆ ಎರಡನೆಯದರಲ್ಲಿ ಹೋಗುವುದು ಬಡವರ ಪ್ರಾಣ.

ಕೇಳುಗರೇ, ಇವತ್ತು ಭಾರತವೂ ನೆರವು ಕೊಡುವ ದೇಶ. ಭೂತಾನಿನ ಜಲವಿದ್ಯುತ್ ಯೋಜನೆಗಳಿಗೆ, 2016ರಲ್ಲಿ ಉದ್ಘಾಟನೆಯಾದ ಅಫ್ಘಾನಿಸ್ತಾನದ ಸಲ್ಮಾ ಅಣೆಕಟ್ಟಿಗೆ ಹೋದದ್ದು ನಮ್ಮ ತೆರಿಗೆಯ ಹಣ. ನಮ್ಮ ಊರಿಗೂ ಸರ್ಕಾರದ, ಸಂಘಸಂಸ್ಥೆಗಳ ಯೋಜನೆಗಳು ಬರುತ್ತಲೇ ಇರುತ್ತವೆ. ಮುಂದಿನ ಬಾರಿ ಯಾವುದೇ ಯೋಜನೆಯ ಲೆಕ್ಕ ನಿಮ್ಮ ಗ್ರಾಮಸಭೆಯ ಮುಂದೆ ಬಂದಾಗ ಮೂರು ಪ್ರಶ್ನೆ ಕೇಳಿ. ಬಿಡುಗಡೆಯಾದ ಹಣದಲ್ಲಿ ಇಲ್ಲಿಗೆ ಮುಟ್ಟಿದ್ದೆಷ್ಟು? ಈ ಯೋಜನೆ ಬಾರದ ಪಕ್ಕದ ಊರಿಗಿಂತ ಇಲ್ಲಿ ಬೇರೆಯಾದದ್ದೇನು? ಯಾರಿಗಾಗಿ ಇದು ಬಂತೋ ಅವರನ್ನು ಯಾರಾದರೂ ಕೇಳಿದ್ದಾರೆಯೆ? ಈ ಮೂರಕ್ಕೂ ಉತ್ತರ ಸಿಗುವವರೆಗೆ ಕೇಳುತ್ತಲೇ ಇರಿ. ಹಾಗೆ ಕೇಳುವುದು ನಿಮ್ಮ ಹಕ್ಕು.